ಮಾತ್ರೆ, ಪ್ಯಾಚ್, ಜೆಲ್: ಅಮ್ಮನಿಗೆ ಯಾವ ಹಾರ್ಮೋನ್ ಚಿಕಿತ್ಸೆ ಸರಿ?

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಬಿಕಾಂ, ನಾನು ಡಾಕ್ಟರ್ ಅಲ್ಲ. ಇದನ್ನ ಕೇಳಿ ನೇರ ಮೆಡಿಕಲ್ ಶಾಪ್‌ಗೆ ಓಡ್ಬೇಡಿ. ಅಮ್ಮನ ಜೊತೆ ಡಾಕ್ಟರ್ ಹತ್ರ ಹೋದಾಗ ಏನು ಕೇಳ್ಬೇಕು ಅಂತ ತಿಳ್ಕೊಳ್ಳೋಕೆ ಈ ಸಂಚಿಕೆ.

ಸತತ 12 ತಿಂಗಳು ಮುಟ್ಟಾಗದಿದ್ದರೆ ಅದು ಋತುಬಂಧ, ಅಂದ್ರೆ ಮೆನೋಪಾಸ್. ದೇಹದಲ್ಲಿ ಈಸ್ಟ್ರೋಜನ್ ತುಂಬಾ ಕಡಿಮೆಯಾಗುತ್ತೆ. ಇದ್ದಕ್ಕಿದ್ದಂತೆ ಮೈ ಬಿಸಿಯೇರೋದು, ರಾತ್ರಿ ಬೆವರು, ನಿದ್ದೆ ಬಾರದಿರೋದು. ಎಷ್ಟೋ ಮನೆಗಳಲ್ಲಿ ಇದಕ್ಕಿರೋ ಒಂದೇ ಔಷಧಿ: "ವಯಸ್ಸಾಯ್ತು, ಸಹಿಸ್ಕೋ." ಆದರೆ ಸಹಿಸೋಕೆ ಆಗದವರಿಗೆ ಹಾರ್ಮೋನ್ ಚಿಕಿತ್ಸೆ ಇದೆ. ಅದನ್ನ ಯಾವ ದಾರಿಯಲ್ಲಿ ತಗೋತೀವಿ ಅನ್ನೋದರ ಮೇಲೆ ಅಪಾಯವೂ ಬದಲಾಗುತ್ತೆ.

ಮಾತ್ರೆ: ದಿನಕ್ಕೊಂದು ನುಂಗಿದರೆ ಆಯ್ತು, ಸುಲಭ. ಆದರೆ ನುಂಗಿದ ಈಸ್ಟ್ರೋಜನ್ ಕರುಳಿನಿಂದ ಮೊದಲು ಲಿವರ್‌ಗೆ ಹೋಗುತ್ತೆ. ಆಗ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳನ್ನ ಲಿವರ್ ಹೆಚ್ಚು ತಯಾರಿಸುತ್ತೆ. ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಏರುತ್ತೆ. ತೂಕ ಜಾಸ್ತಿ ಇರೋರು, ಹಿಂದೆ ಹೀಗೆ ಆಗಿರೋರು ಇದನ್ನ ಡಾಕ್ಟರಿಗೆ ಹೇಳಲೇಬೇಕು.

ಪ್ಯಾಚ್, ಜೆಲ್: ಇವು ಚರ್ಮದ ಮೂಲಕ ನೇರ ರಕ್ತಕ್ಕೆ ಸೇರುತ್ತವೆ, ಮೊದಲು ಲಿವರ್ ಸುತ್ತಿ ಬರೋದಿಲ್ಲ. ಸಾಮಾನ್ಯ ಡೋಸ್‌ನಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚಿದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ಪ್ಯಾಚನ್ನ ಸೊಂಟದ ಕೆಳಗೆ ಅಂಟಿಸಿ, ವಾರಕ್ಕೆ ಒಂದು ಅಥವಾ ಎರಡು ಸಲ ಬದಲಿಸಬೇಕು. ಕೆಲವರಿಗೆ ಆ ಜಾಗ ಕೆರೆಯುತ್ತೆ. ಜೆಲ್ ದಿನಾ ಹಚ್ಚಬೇಕು. ಅದು ಒಣಗೋವರೆಗೆ ಮಕ್ಕಳನ್ನ ಎತ್ತಿಕೊಳ್ಳಬಾರದು, ಅವರ ಮೈಗೂ ಹತ್ತುತ್ತೆ.

ಯೋನಿಗೆ ಹಚ್ಚುವ ಕ್ರೀಮ್: ಅಲ್ಲಿನ ಒಣಗುವಿಕೆ, ಉರಿ, ಪದೇ ಪದೇ ಮೂತ್ರದ ಸೋಂಕು ಆಗೋರಿಗೆ ಇದು. ರಕ್ತಕ್ಕೆ ಸೇರೋದು ತೀರಾ ಕಡಿಮೆ. ಹಾಗಾಗಿಯೇ ಮೈ ಬಿಸಿಯೇರೋದನ್ನ ಇದು ತಡೆಯಲ್ಲ.

ಇನ್ನೊಂದು ಮುಖ್ಯ ವಿಷಯ. ಗರ್ಭಕೋಶ ಇರೋರು ಮಾತ್ರೆ, ಪ್ಯಾಚ್ ಅಥವಾ ಜೆಲ್‌ನಲ್ಲಿ ಬರೀ ಈಸ್ಟ್ರೋಜನ್ ತಗೊಂಡ್ರೆ ಗರ್ಭಕೋಶದ ಒಳಪದರ ದಪ್ಪವಾಗಿ ಕ್ಯಾನ್ಸರ್ ಅಪಾಯ ಹೆಚ್ಚುತ್ತೆ. ಅದಕ್ಕೇ ಜೊತೆಗೆ ಪ್ರೊಜೆಸ್ಟರಾನ್ ಕೊಡ್ತಾರೆ. ಗರ್ಭಕೋಶ ತೆಗೆಸಿದವರಿಗೆ ಸಾಮಾನ್ಯವಾಗಿ ಅದು ಬೇಕಾಗಲ್ಲ.

"ಹಾರ್ಮೋನ್ ಅಂದ್ರೆ ಕ್ಯಾನ್ಸರ್" ಅನ್ನೋ ಭಯ ಜಗತ್ತಿನಾದ್ಯಂತ ಹಬ್ಬಿದ್ದು 2002ರಲ್ಲಿ. 16,608 ಮಹಿಳೆಯರಿದ್ದ ಅಮೆರಿಕದ ದೊಡ್ಡ ಅಧ್ಯಯನವನ್ನ ಆಗ ಅರ್ಧಕ್ಕೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಹೆಚ್ಚಾಗಿದ್ದು ನಿಜ. ಆದರೆ ಅವರ ಸರಾಸರಿ ವಯಸ್ಸು 63, ಕೊಟ್ಟಿದ್ದು ಒಂದೇ ಬಗೆಯ ಮಾತ್ರೆ. 60 ವರ್ಷದೊಳಗೆ ಅಥವಾ ಮುಟ್ಟು ನಿಂತು 10 ವರ್ಷದೊಳಗೆ ಶುರು ಮಾಡೋ ಆರೋಗ್ಯವಂತರ ಲೆಕ್ಕ ಬೇರೆ. ಹಾಗಂತ ಪ್ಯಾಚ್ ಹಾಕಿದ್ರೆ ಸ್ತನ ಕ್ಯಾನ್ಸರ್ ಚಿಂತೆಯೇ ಇಲ್ಲ ಅಂದ್ಕೋಬೇಡಿ. ಎರಡೂ ಹಾರ್ಮೋನನ್ನ ವರ್ಷಗಟ್ಟಲೆ ತಗೊಂಡ್ರೆ ಆ ಅಪಾಯ ಸ್ವಲ್ಪ ಏರುತ್ತೆ.

ಡಾಕ್ಟರ್ ಹತ್ರ ಕೇಳಬೇಕಾದ್ದು ಮೂರು: ಅಮ್ಮನಿಗೆ ಮಾತ್ರೆಯೋ, ಚರ್ಮದ ಮೂಲಕವೋ? ಪ್ರೊಜೆಸ್ಟರಾನ್ ಬೇಕಾ? ಮತ್ತೆ ಯಾವಾಗ ತೋರಿಸ್ಬೇಕು? ಸ್ತನ ಕ್ಯಾನ್ಸರ್ ಆಗಿದ್ದರೆ, ಲಿವರ್ ತೊಂದರೆ ಇದ್ದರೆ ಮೊದಲೇ ಹೇಳಿ. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ, ಒಂದು ಹನಿಯಾದರೂ ಸರಿ, ತಡಮಾಡದೆ ತೋರಿಸಿ.

ಇವತ್ತು ಮನೆಗೆ ಹೋಗಿ ಅಮ್ಮನ್ನ ಒಂದು ಮಾತು ಕೇಳಿ: "ರಾತ್ರಿ ನಿದ್ದೆ ಬರ್ತಿದ್ಯಾ?" ಮುಂದಿನ ಸಂಚಿಕೆಯಲ್ಲಿ ಸಿಗೋಣ.