ನಾಲೆಯ ಮಟ್ಟ ನೋಡುವವರು

ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಬಯಲಿಗೆ ಕೃಷ್ಣರಾಜಸಾಗರದ ನೀರು ಬರುವುದು ವಿಶ್ವೇಶ್ವರಯ್ಯ ನಾಲೆಯಿಂದ. 1911ರಲ್ಲಿ ಆರಂಭವಾದ ಆ ಅಣೆಕಟ್ಟಿನ ಮಾತು ಬಂದಾಗಲೆಲ್ಲ ನಾವು ಸರ್ ಎಂ. ವಿಶ್ವೇಶ್ವರಯ್ಯನವರನ್ನು ನೆನೆಯುತ್ತೇವೆ, ಅದು ನ್ಯಾಯವೇ ಸರಿ. ಆದರೆ ಎಂಜಿನಿಯರು ಕಾಗದದ ಮೇಲೆಳೆದ ಗೆರೆ ನೆಲದ ಮೇಲೆ ನಾಲೆಯಾಗಿ ಹರಿಯುವ ನಡುವೆ ಮೋಜಣಿಗಾರ, ನಕ್ಷೆಗಾರ, ಓವರ್‌ಸಿಯರ್, ಮೇಸ್ತ್ರಿ ಎಂದು ಎಷ್ಟೋ ಮಂದಿಯ ಕೈ ಸೇರಿರುತ್ತದೆ.

ಮೋಜಣಿಗಾರನ ಕೆಲಸವನ್ನೇ ನೋಡೋಣ. ಎತ್ತರ ಗೊತ್ತಿರುವ ಗುರುತುಕಲ್ಲಿನ ಮೇಲೆ ಅಳತೆಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಮಟ್ಟಸವಾಗಿ ಹೂಡಿದ ದುರ್ಬೀನಿನಿಂದ ಓದಿದಾಗ 1.25 ಮೀಟರ್ ಕಂಡಿತೆನ್ನಿ. ಮುಂದಿನ ಜಾಗದಲ್ಲಿ 1.45 ಕಂಡರೆ ಅಲ್ಲಿನ ನೆಲ 20 ಸೆಂಟಿಮೀಟರ್ ತಗ್ಗು. ಅಂಕಿ ಏರಿದಷ್ಟೂ ನೆಲ ಇಳಿಯುವ ಈ ತಿರುವುಮುರುವು ಹೊಸಬರನ್ನು ಕೆಲವು ದಿನ ಕಾಡದೆ ಬಿಡದು. ಐದು ಸಾವಿರಕ್ಕೆ ಒಂದರ ಇಳಿಜಾರಿನ ನಾಲೆಯೊಂದನ್ನು ಊಹಿಸಿಕೊಳ್ಳಿ. ಕಿಲೋಮೀಟರಿಗೆ ಅದರ ಇಳಿತ ಆ 20 ಸೆಂಟಿಮೀಟರ್, ಹೆಚ್ಚು ಕಡಮೆ ಒಂದು ಗೇಣು! ಲೆಕ್ಕದಲ್ಲಿ 5 ಸೆಂಟಿಮೀಟರ್ ತಪ್ಪಿ ತಳ ಎತ್ತರವಾಯಿತೆಂದರೆ ಗೇಣಿನ ಕಾಲುಭಾಗ ಹೋಯಿತು. ನೀರು ಮಂದವಾಗುತ್ತದೆ, ಹೂಳು ಕೂರುತ್ತದೆ, ಜೊಂಡು ಬೆಳೆಯುತ್ತದೆ. ಕೊನೆಯಂಚಿನಲ್ಲಿರುವ ಮಳವಳ್ಳಿಯ ರೈತನ ಭತ್ತ ಸರದಿಯ ದಿನವೂ ಬಾಯಾರಿ ನಿಲ್ಲುತ್ತದೆ. ಹುಲಿಕೆರೆಯ ಸುರಂಗದಂಥ ಕಡೆ ಮಟ್ಟದೊಡನೆ ದಿಕ್ಕೂ ತಪ್ಪುವಂತಿಲ್ಲ. ಇಂದು ಟೋಟಲ್ ಸ್ಟೇಷನ್ ಎಂಬ ಯಂತ್ರ ಲೆಕ್ಕವನ್ನು ತಾನೇ ಮಾಡುತ್ತದೆ; ಅದನ್ನು ಸರಿಯಾಗಿ ಹೂಡಬೇಕಾದವನು ಮಾತ್ರ ಮನುಷ್ಯನೇ.

ಅಣೆಕಟ್ಟನ್ನು ಕಟ್ಟಿದ್ದು ಸುಣ್ಣ, ಸುರ್ಕಿಯ ಗಾರೆಯಲ್ಲಿ. ಈಗ ಕಾಂಕ್ರೀಟಿನ ಕಾಲ. 15 ಸೆಂಟಿಮೀಟರ್ ಘನಗಳನ್ನು ಎರಕ ಹೊಯ್ದು, ನೀರಿನಲ್ಲಿಟ್ಟು, 28ನೆಯ ದಿನ ಯಂತ್ರದಲ್ಲಿ ಅದುಮಿ ಒಡೆಯುವುದು ಪ್ರಯೋಗಶಾಲೆಯ ಸಹಾಯಕನ ಪಾಲಿನ ಕೆಲಸ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಮದ್ದೂರು, ಮಂಡ್ಯ ಪಟ್ಟಣಗಳನ್ನು ಬಳಸಿ ಹೋಗುತ್ತದೆ. ಅಂಥ ರಸ್ತೆಯ ಸೇತುವೆಗಳ ಭಾರ ಹೊರುವುದು ಇಂಥ ಪರೀಕ್ಷೆಯ ಅಂಕಿಗಳನ್ನು ನಂಬಿ ಹಾಕಿದ ಕಾಂಕ್ರೀಟು. ಕಂತ್ರಾಟುದಾರನ ಆತುರಕ್ಕೆ ಮಣಿಯದೆ ಕಂಡ ಅಂಕಿಯನ್ನೇ ಬರೆಯುವುದು, ನನ್ನ ಮಟ್ಟಿಗೆ, ಈ ವೃತ್ತಿಯ ಕಷ್ಟದ ಪಾಠ.

ಎಸ್.ಎಸ್.ಎಲ್.ಸಿ. ಮುಗಿಸಿದವರಿಗೆ ಮೂರು ವರ್ಷದ ಡಿಪ್ಲೊಮಾ ಇದೆ; ಐ.ಟಿ.ಐ.ಯಲ್ಲಿ ನಕ್ಷೆಗಾರರ ತರಬೇತಿ ಎರಡು ವರ್ಷ. ಎಂಜಿನಿಯರಾಗಲಾರದವರ ಬಡದಾರಿಯೆಂದು ತಂದೆತಾಯಂದಿರು ಇದನ್ನು ಹಗುರವಾಗಿ ಕಾಣುವುದುಂಟು.

ಕಾಮಗಾರಿ ಮುಗಿದ ಮೇಲೆ ಉಳಿಯುವವನು ನೀರುಗಂಟಿ, ಮಂಡ್ಯದ ಕಡೆಯ ಮಾತಿನಲ್ಲಿ ಸೌಡಿ. ತೂಬಿನ ಬಾಗಿಲನ್ನು ಸರದಿಯಂತೆ ಎತ್ತಿ ಇಳಿಸುವ ಈತ, ಮೇಲಿನ ಗದ್ದೆಯವನು ರಾತ್ರಿ ನೀರು ತಿರುಗಿಸಿಕೊಳ್ಳದಂತೆ ಏರಿಯ ಮೇಲೆ ನಡೆದು ಕಾಯಬೇಕು.