ಡೀಸೆಲ್ ಕಾರಿನ ಹೊಗೆ ತಪಾಸಣೆ

ಸಂತೆಗೂ ಆಯಿತು, ಆಸ್ಪತ್ರೆಗೂ ಆಯಿತು ಎಂದು ಹಳೆಯ ಡೀಸೆಲ್ ಕಾರು ಇಟ್ಟುಕೊಂಡವರು ನಮ್ಮಲ್ಲಿ ಬಹಳ ಮಂದಿ. ಅದರ ಹೊಗೆ ಸರ್ಟಿಫಿಕೇಟಿನ ವಿಚಾರ ಇವತ್ತು ಹೇಳುತ್ತೇನೆ.

ತಪಾಸಣೆಯಲ್ಲಿ ಗಾಡಿಯನ್ನು ನ್ಯೂಟ್ರಲ್ಲಿನಲ್ಲಿ ನಿಲ್ಲಿಸಿ, ಸೈಲೆನ್ಸರಿಗೆ ನಳಿಗೆ ಇಟ್ಟು, ಆಕ್ಸಿಲರೇಟರನ್ನು ಹಲವು ಸಲ ಪೂರ್ತಿ ಒತ್ತುತ್ತಾರೆ. ಹೊಗೆ ಬೆಳಕನ್ನು ಎಷ್ಟು ತಡೆಯಿತೆಂದು ಯಂತ್ರ ಅಳೆಯುತ್ತದೆ. ಬಿಎಸ್-4 ಗಾಡಿಗೆ ಮಿತಿ 1.62, ಅದಕ್ಕೂ ಹಳೆಯದಕ್ಕೆ 2.45.

ಕಪ್ಪು ಹೊಗೆ ಬಂದರೆ ಡೀಸೆಲ್ಲಿಗೆ ತಕ್ಕ ಗಾಳಿ ಸಿಗುತ್ತಿಲ್ಲ ಅಂತಲೇ ಬಹುಮಟ್ಟಿಗೆ ಅರ್ಥ. ಒಲೆಗೆ ಸೌದೆ ತುರುಕಿದರೆ ಮನೆಯೆಲ್ಲ ಹೊಗೆಯಾಗುವುದಿಲ್ಲವೇ, ಹಾಗೆ. ನಮ್ಮ ಮಣ್ಣುರಸ್ತೆಯ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಕಾಗದದ ಫಿಲ್ಟರನ್ನು ಬಿಸಿಲಿಗೆ ಹಿಡಿದು ನೋಡಿ. ಬೆಳಕು ಕಾಣದಿದ್ದರೆ ಹೊಸದು ಹಾಕಿಸಿ. ನೀರಿನಲ್ಲಿ ಮಾತ್ರ ತೊಳೆಯಬೇಡಿ. ನಾನೇ ಒಮ್ಮೆ ತೊಳೆದು ಕೆಡಿಸಿದ್ದೇನೆ, ನಗಬೇಡಿ! ಫಿಲ್ಟರ್ ಚೆನ್ನಾಗಿದ್ದೂ ಕಪ್ಪು ನಿಲ್ಲದಿದ್ದರೆ ಇಂಜೆಕ್ಟರ್ ತೋರಿಸಬೇಕು. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಅದು ಮೆಕ್ಯಾನಿಕ್ಕಿನ ಕೆಲಸ.

ತಣ್ಣಗಿನ ಗಾಡಿಯನ್ನು ಒಯ್ಯಬೇಡಿ. ಊರೊಳಗೇ ನಿಧಾನವಾಗಿ ಓಡಿದ ಗಾಡಿಯ ಕೊಳವೆಯಲ್ಲಿ ಮಸಿ ಕೂತಿರುತ್ತದೆ. ಮೊದಲು ಆಯಿಲ್ ಮಟ್ಟ ನೋಡಿ. ಟೈಮಿಂಗ್ ಬೆಲ್ಟ್ ಬದಲಿಸುವ ಅವಧಿ ಮೀರಿದ್ದರೆ ಬದಲಿಸಿ, ಪೂರ್ತಿ ಒತ್ತುವಾಗ ಅದು ತುಂಡಾದರೆ ಎಂಜಿನ್ನೇ ಹೋದೀತು. ಆಮೇಲೆ ಹೆದ್ದಾರಿಯಲ್ಲಿ ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ, ಬಿಸಿಯಿರುವಾಗಲೇ ತಪಾಸಣೆಗೆ ನಿಲ್ಲಿಸಿ.

ಗಾಡಿ ತರದೆ ಸರ್ಟಿಫಿಕೇಟ್ ಕೊಡಿಸುತ್ತೇನೆ ಎನ್ನುವವರ ಮಾತು ಕೇಳಬೇಡಿ. ಬೆಳಿಗ್ಗೆ ಗಾಡಿ ಚಾಲೂ ಮಾಡುವಾಗ ಆ ಮಸಿ ಕುಡಿಯುವುದು ಅಂಗಳದಲ್ಲಾಡುವ ನಿಮ್ಮ ಮಕ್ಕಳೇ.

ಬಿಎಸ್-4, ಬಿಎಸ್-6 ಗಾಡಿಗಳ ಸರ್ಟಿಫಿಕೇಟ್ ಒಂದು ವರ್ಷ ನಡೆಯುತ್ತದೆ, ಹಳೆಯವಕ್ಕೆ ಆರೇ ತಿಂಗಳು. ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಡಿ.