ಹನ್ನೆರಡೂವರೆಯ ಬಿಸಿಲಿನಲ್ಲಿ ನೋಡಬೇಕಾದ ಜಾಗ

ಬೀದರದ ಮೈಲೂರಿನ ಓಣಿಗಳಲ್ಲಿ ಲಗ್ನಕ್ಕೆ ಜಾಗ ಹುಡುಕುವ ಕೆಲಸವೇ ಒಂದು ಕಾಲಕ್ಕೆ ಇರಲಿಲ್ಲ. ಮನೆ ಮುಂದೆ ಹಂದರ ಬಿದ್ದರೆ ಅದೇ ಜಾಗ. ಆಮೇಲೆ ಮಠದ ಆವರಣ, ಕಲ್ಯಾಣ ಮಂಟಪ, ಫಂಕ್ಷನ್ ಹಾಲ್ ಬಂದವು. ಆಗಲೂ ಹಿರಿಯರಿಬ್ಬರು ಹೋಗಿ ತಾರೀಖು ಖಾಲಿ ಇದೆಯೇ, ಬಾಡಿಗೆ ಎಷ್ಟು, ನೀರಿನ ವ್ಯವಸ್ಥೆ ಹೇಗೆ ಎಂದು ಕೇಳಿ ಮುಂಗಡ ಕೊಟ್ಟು ಬಂದರೆ ಮುಗಿಯಿತು. ಹಾಲ್ ಎಂಥದೆಂದು ಎಲ್ಲರಿಗೂ ಮೊದಲೇ ಗೊತ್ತು. ಹಿಂದಿನ ತಿಂಗಳು ಅಲ್ಲೇ ಉಂಡು ಬಂದಿರುತ್ತಾರೆ. ಈಗ ಮಾತು ದೂರಕ್ಕೆ ಹೋಗಿದೆ. ಮಕ್ಕಳು ಹೈದರಾಬಾದ್, ಪುಣೆ, ಬೆಂಗಳೂರುಗಳಲ್ಲಿ ಕೆಲಸಕ್ಕಿರುವ ಮನೆಗಳಲ್ಲಿ ರೆಸಾರ್ಟ್, ಫಿಲ್ಮ್ ಸಿಟಿ, ಮನರಂಜನಾ ಪಾರ್ಕುಗಳ ಹೆಸರು ಲಗ್ನದ ಲೆಕ್ಕಕ್ಕೆ ಬರುತ್ತಿವೆ. ಯಾರೂ ಉಂಡು ಬರದ ಜಾಗ ಅದು. ಆದ್ದರಿಂದ ಹೋಗಿ ನೋಡಲೇಬೇಕು. ಹಾಗೆ ಹೋದವರು ನೋಡಿ ಬರುವುದು ಹೆಚ್ಚಾಗಿ ಪ್ರವಾಸಿಗೆ ಕಾಣುವುದನ್ನು. ಲಗ್ನಕ್ಕೆ ಬಂದ ಬೀಗರಿಗೆ ಎದುರಾಗುವುದು ಬೇರೆಯೇ.

ಬೀದರ ಕಡೆಯವರಿಗೆ ಇಂಥ ಜಾಗಗಳಲ್ಲಿ ಮೊದಲು ನೆನಪಾಗುವುದು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿ. 1996ರಲ್ಲಿ ಶುರುವಾದ ಇದು 1,600ಕ್ಕೂ ಹೆಚ್ಚು ಎಕರೆಯಲ್ಲಿ ಹರಡಿದೆ. ಜಗತ್ತಿನ ಅತಿ ದೊಡ್ಡ ಚಿತ್ರನಿರ್ಮಾಣ ಸಂಕೀರ್ಣವೆಂದು ಗಿನ್ನೆಸ್ ದಾಖಲೆಯಲ್ಲಿದೆ. ಸಿನಿಮಾ ಸೆಟ್ಟುಗಳು, ತೋಟಗಳು, ಆಟಗಳು, ಸಿತಾರಾ ಮತ್ತು ತಾರಾ ಎಂಬ ಹೋಟೆಲುಗಳು ಒಂದೇ ಬೇಲಿಯೊಳಗಿವೆ. ಮದುವೆಗೆ ಜಾಗ ಕೊಡುವುದೂ ಅದರ ವ್ಯವಹಾರದ ಒಂದು ಭಾಗ. ಬೆಂಗಳೂರಿನ ಬಿಡದಿಯಲ್ಲಿ 2005ರಲ್ಲಿ ತೆರೆದ ವಂಡರ್‌ಲಾ ಪಾರ್ಕಿಗೂ ಪಕ್ಕದಲ್ಲೇ ರೆಸಾರ್ಟ್ ಇದೆ. ಆದರೆ ಔರಾದದಿಂದ ಬಿಡದಿಗೆ ದಿಬ್ಬಣ ಹೊರಡಿಸುವುದು ಆಗಹೋಗುವ ಮಾತಲ್ಲ. ಫಿಲ್ಮ್ ಸಿಟಿಯ ಅನುಕೂಲವೆಂದರೆ ದಾರಿ: ಹುಮನಾಬಾದ, ಜಹೀರಾಬಾದ ಹಾಯ್ದು ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿಯೇ ಹೈದರಾಬಾದ್ ದಾಟಿ ವಿಜಯವಾಡದ ಕಡೆಗೆ ಸಾಗುವಾಗ ಅದರ ಹತ್ತಿರ ಹಾಯುತ್ತದೆ. ತೊಡಕೂ ಅದೇ ದಾರಿಯಲ್ಲಿದೆ. ನಗರದ ಈ ತುದಿಗೆ ನಾವು, ಆ ತುದಿಗೆ ಅದು. ಹೊರವರ್ತುಲ ರಸ್ತೆ ಹಿಡಿದು ಸುತ್ತು ಹಾಕಿದರೂ ಬೀದರದಿಂದ 150 ಕಿ.ಮೀ.ಗೂ ಹೆಚ್ಚು. ಭಾಲ್ಕಿ, ಔರಾದದವರು ಅದಕ್ಕೆ ಮೊದಲೇ ಬೀದರದವರೆಗೆ ನಲವತ್ತರ ಆಸುಪಾಸು ಕಿಲೋಮೀಟರ್ ಬಂದಿರುತ್ತಾರೆ. ಆರುನೂರು ಜನರೆಂದರೆ ಐವತ್ತು ಸೀಟಿನ ಹನ್ನೆರಡು ಬಸ್ಸು. ಆ ಹನ್ನೆರಡು ಬಸ್ಸುಗಳು ಎಲ್ಲಿ ನಿಲ್ಲುತ್ತವೆ, ನಿಂತಲ್ಲಿಂದ ಮಂಟಪಕ್ಕೆ ಎಷ್ಟು ನಡೆಯಬೇಕು ಎಂಬುದು ಕರಪತ್ರದಲ್ಲಿ ಇರುವುದಿಲ್ಲ.

ಮೂಲ ವಿಷಯ ಇಲ್ಲಿದೆ. ಪಾರ್ಕು ಕಟ್ಟುವುದು ತಿರುಗಾಡುವವರಿಗಾಗಿ, ಹಂದರ ಹಾಕುವುದು ಕೂರುವವರಿಗಾಗಿ. ಪಾರ್ಕಿಗೆ ಬಂದವನು ಒಂದು ಕಡೆ ಹತ್ತು ನಿಮಿಷ ನಿಂತರೆ ಮುಂದಿನ ಆಟಕ್ಕೆ ಹೊರಡುತ್ತಾನೆ. ಅಲ್ಲಿನ ದಾರಿ, ನೆರಳು, ಬೆಂಚು, ಶೌಚಾಲಯ ಎಲ್ಲವೂ ಆ ಚಲನೆಯ ಲೆಕ್ಕದ ಮೇಲಿವೆ. ನಮ್ಮ ಕಡೆಯ ಲಗ್ನದಲ್ಲಿ ಬೀಗರು ಬೆಳಗ್ಗೆ ಬಂದು ಕೂತರೆ ಸುರಗಿ, ಬಾಸಿಂಗ, ಅಕ್ಷತೆ, ಆಮೇಲೆ ಪಂಗತಿ ಎಂದು ಐದಾರು ಗಂಟೆ ಅಲ್ಲೇ. ಅವರಲ್ಲಿ ಮೊಣಕಾಲು ಹಿಡಿದ ಅಜ್ಜಿ ಇರುತ್ತಾಳೆ, ಹಾಲು ಕುಡಿಯುವ ಕೂಸು ಇರುತ್ತದೆ, ಮಧುಮೇಹದ ಮಾವನಿರುತ್ತಾನೆ. ಪಾರ್ಕಿನ ಗಡಿಯಾರವೂ ಬೇರೆ. ಅದು ಗೇಟು ತೆರೆಯುವ ಮತ್ತು ಮುಚ್ಚುವ ಹೊತ್ತಿಗೆ ನಡೆಯುತ್ತದೆ. ಲಗ್ನ ಪಂಚಾಂಗಕ್ಕೆ ನಡೆಯುತ್ತದೆ. ಈ ಎರಡು ಗಡಿಯಾರ ಒಂದೇ ಅಂಗಳದಲ್ಲಿ ಹೇಗೆ ಹೊಂದುತ್ತವೆ ಎಂದು ತಿಳಿಯಲಿಕ್ಕೇ ಜಾಗ ನೋಡಲು ಹೋಗುವುದು.

ಇದು ಬೀದರದವರ ಹಳೆಯ ಕಾಲದ ಅನುಮಾನ ಎಂದು ತಳ್ಳಿಹಾಕುವವರು ಅಮೆರಿಕದ ಡಿಸ್ನಿ ಕಂಪನಿ ಏನು ಮಾಡಿತೆಂದು ನೋಡಬಹುದು. ಪಾರ್ಕಿನ ಮದುವೆಯನ್ನು ದೊಡ್ಡ ವ್ಯಾಪಾರ ಮಾಡಿದವರು ಅವರೇ. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 1991ರಲ್ಲಿ ಅದಕ್ಕೊಂದು ವಿಭಾಗವನ್ನೇ ತೆರೆದರು. ನಾಲ್ಕು ವರ್ಷದಲ್ಲಿ, 1995ಕ್ಕೆ, ಮದುವೆಗೆಂದೇ ಪ್ರತ್ಯೇಕ ಮಂಟಪ ಕಟ್ಟಿದರು. ಆಟಗಳ ನಡುವೆ ಅಲ್ಲ, ಪಾರ್ಕಿನ ಗೇಟಿನ ಹೊರಗೆ, ಸರೋವರದ ದಂಡೆಯಲ್ಲಿ. ಪಾರ್ಕಿನೊಳಗಿನ ಕೋಟೆ ಕಿಟಕಿಯಿಂದ ದೂರಕ್ಕೆ ಕಾಣುತ್ತದೆ ಅಷ್ಟೇ. ಕೋಟೆಯ ಹತ್ತಿರವೇ ಮದುವೆ ಬೇಕೆನ್ನುವವರಿಗೆ ಸಾಮಾನ್ಯವಾಗಿ ಸಿಕ್ಕುತ್ತಿದ್ದದ್ದು ಜನರಿಗೆ ಗೇಟು ತೆರೆಯುವ ಮುಂಚಿನ ನಸುಕಿನ ಹೊತ್ತು. ದುಡ್ಡಿಗೂ ಜಾಗಕ್ಕೂ ಕೊರತೆಯಿಲ್ಲದ ಕಂಪನಿಯೇ ಮದುವೆಯನ್ನೂ ಪ್ರವಾಸಿಗರನ್ನೂ ಬೇರ್ಪಡಿಸಿಟ್ಟಿದೆ. ಅವರ ಮದುವೆಯಲ್ಲಿ ಪುರೋಹಿತರ ಮುಹೂರ್ತದ ಹಟ ಇಲ್ಲ, ನಸುಕಿಗೆ ಎಂದರೆ ನಸುಕಿಗೆ. ನಮ್ಮ ಕಾರ್ಡಿನಲ್ಲಿ ಅಚ್ಚಾಗುವುದು ಮಧ್ಯಾಹ್ನ 12-30, ಪಾರ್ಕಿನಲ್ಲಿ ಜನ ಕಿಕ್ಕಿರಿದಿರುವ ಹೊತ್ತು.

ಹೊತ್ತಿನ ಜೊತೆ ಋತುವನ್ನೂ ಸೇರಿಸಿ. ನಮ್ಮಲ್ಲಿ ಲಗ್ನಗಳ ಸುಗ್ಗಿ ವೈಶಾಖ, ಜ್ಯೇಷ್ಠ. ಏಪ್ರಿಲ್–ಮೇ ಶಾಲೆಗಳ ರಜೆ, ಹಾಗಾಗಿ ಪಾರ್ಕುಗಳಿಗೂ ಅದೇ ಸುಗ್ಗಿ. 2026ರಂಥ ವರ್ಷದಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಬಿದ್ದರೆ ಇದ್ದಬದ್ದ ಲಗ್ನಗಳೆಲ್ಲ ಅದರ ಹಿಂದು ಮುಂದಿನ ಕೆಲವೇ ತಾರೀಖುಗಳಿಗೆ ಒತ್ತಿಕೊಳ್ಳುತ್ತವೆ. ದರ ಏರುತ್ತದೆ, ಚೌಕಾಸಿಗೆ ಅವಕಾಶ ಉಳಿಯುವುದಿಲ್ಲ. ಹೈದರಾಬಾದಿನ ಮೇ ತಿಂಗಳ ಮಧ್ಯಾಹ್ನ ನಲವತ್ತು ಡಿಗ್ರಿಯ ಹತ್ತಿರ. ಆದರೆ ಜಾಗ ನೋಡಲು ಹೋಗುವುದು ಸಾಮಾನ್ಯವಾಗಿ ಆರೇಳು ತಿಂಗಳು ಮುಂಚೆ, ಎಂದರೆ ಕಾರ್ತಿಕದ ತಂಪಿನಲ್ಲಿ, ಅದೂ ಹಾದಿ ಸವೆಸಿ ಮುಟ್ಟುವ ಹೊತ್ತಿಗೆ ಸಂಜೆ. ದೀಪ ಹಚ್ಚಿದ ಹುಲ್ಲುಹಾಸು ಆಗ ಯಾರಿಗೆ ಇಷ್ಟವಾಗುವುದಿಲ್ಲ? ಮೇ ತಿಂಗಳ ಲಗ್ನಕ್ಕೆ ಆ ಸಂಜೆ ಸಾಕ್ಷಿಯಾಗಲಾರದು. ಹಿಂದಿನ ಬೇಸಿಗೆಯಲ್ಲೇ ನೋಡಲಾಗದಿದ್ದರೆ ಕನಿಷ್ಠ ರಜೆಯ ದಿನದ ನಡು ಮಧ್ಯಾಹ್ನ ಹೋಗಿ, ಟಿಕೆಟ್ ಕೊಂಡ ಜನ ಒಳಗಿರುವಾಗ, ಮಂಟಪ ಹಾಕುವ ಜಾಗದಲ್ಲಿ ಅರ್ಧ ತಾಸು ಕೂರಬೇಕು. ನಿಲ್ಲುವುದಲ್ಲ, ಕೂರಬೇಕು. ನೆರಳು ಎತ್ತ ಜರುಗುತ್ತದೆ, ಪಕ್ಕದ ಆಟದ ಗದ್ದಲದಲ್ಲಿ ಮಂತ್ರವೋ ವಚನವೋ ಕೇಳುತ್ತದೆಯೇ, ಪ್ರವಾಸಿಗರ ದಾರಿ ಹಂದರದ ಬೆನ್ನಿಗೇ ಹಾಯುತ್ತದೆಯೇ ಎಂಬುದೆಲ್ಲ ಆ ಅರ್ಧ ತಾಸಿನಲ್ಲಿ ತಿಳಿಯುತ್ತದೆ.

ಯಾರು ಹೋಗಬೇಕು ಎಂಬುದೂ ಅಷ್ಟೇ ಮುಖ್ಯ. ವಧೂವರರು, ಅವರ ಗೆಳೆಯರು, ಕ್ಯಾಮೆರಾದವನು ಹೋದರೆ ಹಿನ್ನೆಲೆ ಚೆನ್ನಾಗಿದೆಯೇ ಎಂದು ನೋಡುತ್ತಾರೆ. ತಪ್ಪೇನಿಲ್ಲ, ಅವರ ಕೆಲಸ ಅದು. ಮನೆಯ ವಯಸ್ಸಾದವರೊಬ್ಬರು ಜೊತೆಗಿದ್ದರೆ ಬಸ್ಸಿನಿಂದ ಮಂಟಪಕ್ಕೆ ಎಷ್ಟು ಮೆಟ್ಟಿಲು, ಎಷ್ಟು ಏರು ಎಂಬುದು ಅವರ ಉಸಿರಿನಲ್ಲೇ ಗೊತ್ತಾಗುತ್ತದೆ. ಅಡುಗೆಯವರು ಹೋಗುವುದಂತೂ ಕಡ್ಡಾಯ. ಇಂಥ ಕಡೆ ಹೊರಗಿನ ಅಡುಗೆಯವರನ್ನು ಬಿಡುತ್ತಾರೋ ಇಲ್ಲವೋ ಎಂಬುದು ಮೊದಲ ಪ್ರಶ್ನೆ. ಬಿಡದಿದ್ದರೆ ಗೋಧಿ ಹುಗ್ಗಿ, ಜೋಳದ ರೊಟ್ಟಿ, ಪುಂಡಿಪಲ್ಯ ಅವರ ಬಾಣಸಿಗರ ಕೈಯಲ್ಲಿ ಏನಾಗುತ್ತವೆಂದು ಉಂಡೇ ನೋಡಬೇಕು. ಹತ್ತು ಜನರಿಗೆ ರುಚಿ ತೋರಿಸುವ ತಟ್ಟೆ ಬೇರೆ, ಐನೂರು ಜನರ ಪಂಗತಿಗೆ ಬಿಸಿ ಆರದ ಹಾಗೆ ಬರುವ ರೊಟ್ಟಿ ಬೇರೆ. ಸಸ್ಯಾಹಾರದ ಅಡುಗೆಗೆ ಬೇರೆ ಒಲೆ, ಬೇರೆ ಪಾತ್ರೆ ಇದೆಯೇ ಎಂದು ಒಳಗೆ ಹೋಗಿಯೇ ನೋಡಬೇಕು. ಆಮೇಲೆ ಕೇಳಿ ಬೀಗರ ಮುಂದೆ ಮುಖ ಸಣ್ಣದು ಮಾಡಿಕೊಳ್ಳುವುದು ಬೇಡ. ರಾತ್ರಿ ಸಂಗೀತದ ಕಾರ್ಯಕ್ರಮವಿದ್ದರೆ ಇನ್ನೊಂದು ಸಂಗತಿ ನೆನಪಿರಲಿ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ, ಮುಚ್ಚಿದ ಸಭಾಂಗಣಕ್ಕೆ ಮಾತ್ರ ರಿಯಾಯಿತಿ. ಹುಲ್ಲುಹಾಸು ತೋರಿಸಿದವರಿಗೆ ಹತ್ತರ ನಂತರದ ಸಭಾಂಗಣವನ್ನೂ ತೋರಿಸಲು ಹೇಳಿ. ವರನನ್ನೋ ಜೋಡಿಯನ್ನೋ ಕ್ರೇನಿನಿಂದ ಇಳಿಸುತ್ತೇವೆಂದು ಆಸೆ ಹಚ್ಚಿದರೆ ಕೈಮುಗಿದು ಬೇಡವೆನ್ನುವುದು ಒಳ್ಳೆಯದು. 2024ರ ಜನವರಿಯಲ್ಲಿ ಹೈದರಾಬಾದ್ ಹೊರವಲಯದ ಕಾರ್ಪೊರೇಟ್ ಸಮಾರಂಭವೊಂದರಲ್ಲಿ ಹಾಗೆ ಇಳಿಸುತ್ತಿದ್ದ ಕಬ್ಬಿಣದ ಪಂಜರ ಕಳಚಿಬಿದ್ದು ಕಂಪನಿಯ ಮುಖ್ಯಸ್ಥರೇ ತೀರಿಕೊಂಡರು.

ಇಷ್ಟೆಲ್ಲ ಅಲೆಯುವುದೇಕೆ, ವೆಡ್ಡಿಂಗ್ ಪ್ಲಾನರ್ ಇದ್ದಾರೆ, ಡ್ರೋನ್ ವಿಡಿಯೋ ಇದೆ, ಕೂತಲ್ಲೇ ನೋಡಬಹುದಲ್ಲ ಎನ್ನುವವರಿದ್ದಾರೆ. ವಿಡಿಯೋ ಬಣ್ಣ ತೋರಿಸುತ್ತದೆ, ಅಳತೆಯನ್ನೂ ಸ್ವಲ್ಪಮಟ್ಟಿಗೆ ತೋರಿಸುತ್ತದೆ. ಸೆಕೆ, ಏರು, ಅಡುಗೆಮನೆಯ ವಾಸನೆ, ಶೌಚಾಲಯದ ಸರದಿ ಅದರಲ್ಲಿ ಬರುವುದಿಲ್ಲ. ಪ್ಲಾನರ್ ಬಲ್ಲವರಿರಬಹುದು, ಆದರೆ ನಮ್ಮ ಕಡೆ ಪಂಗತಿ ಎಷ್ಟು ಹೊತ್ತು ನಡೆಯುತ್ತದೆ, ಆಹೇರಿಗೆ ಎಷ್ಟು ಜನ ಸಾಲು ನಿಲ್ಲುತ್ತಾರೆ ಎಂಬುದನ್ನು ಹೇಳಬೇಕಾದವರು ಮನೆಯವರೇ. ಹೇಳದಿದ್ದರೆ ಪ್ಲಾನರ್ ತಮಗೆ ಗೊತ್ತಿರುವ ಮದುವೆಯನ್ನು ಮಾಡಿಕೊಡುತ್ತಾರೆ.

ದೂರ ಹೋದರೆ ಜನ ಕಡಿಮೆ, ಖರ್ಚು ಕಡಿಮೆ ಎಂಬ ವಾದ ಇನ್ನೂ ಗಟ್ಟಿಯಾದದ್ದು. ಊರಲ್ಲಿ ಎರಡು ಸಾವಿರ ಜನಕ್ಕೆ ಉಣಬಡಿಸುವ ಬದಲು ಅಲ್ಲಿ ಇನ್ನೂರು ಜನ ಎರಡು ದಿನ ಹಾಯಾಗಿ ಇದ್ದು ಬರಲಿ ಎನ್ನುತ್ತಾರೆ. ಜನರನ್ನು ನಿಜವಾಗಿಯೂ ಇನ್ನೂರಕ್ಕೆ ಇಳಿಸುವ ಧೈರ್ಯವಿದ್ದರೆ ಈ ಮಾತು ಒಪ್ಪತಕ್ಕದ್ದೇ. ನಮ್ಮಲ್ಲಿ ಆ ಧೈರ್ಯ ಅಪರೂಪ. ಕರೆಯದ ಓಣಿಯವರಿಗಾಗಿ ಮರುವಾರ ಮೈಲೂರಿನಲ್ಲೇ ಆರತಕ್ಷತೆ ಇಟ್ಟರೆ ಫಂಕ್ಷನ್ ಹಾಲಿನ ಖರ್ಚು ತಪ್ಪಲಿಲ್ಲ, ಅದರ ಮೇಲೆ ಕೋಣೆಗಳು, ಬಸ್ಸುಗಳು, ಬಾಡಿಗೆಯ ಮೇಲಿನ ಶೇ 18 ಜಿಎಸ್‌ಟಿ ಕೂಡಿದವು. ಸರಳವಾಗಿ ಮಾಡುವ ಮನಸ್ಸಿದ್ದವರಿಗೆ ಬಸವಕಲ್ಯಾಣ, ಭಾಲ್ಕಿಯ ಈ ನೆಲದಲ್ಲಿ ವಚನ ಹೇಳಿ ಲಗ್ನ ಮಾಡಿಸುವ ಮಠಗಳಿವೆ; ಅದಕ್ಕೆ ಇನ್ನೂರು ಕಿಲೋಮೀಟರ್ ಹೋಗಬೇಕಿಲ್ಲ. ಹಾಗೆಂದು ಫಿಲ್ಮ್ ಸಿಟಿಯ ಆಸೆಯೇ ತಪ್ಪೆನ್ನುವಂತಿಲ್ಲ. ವರನ ಕಡೆಯವರು ವಿಜಯವಾಡದವರಾಗಿ ವಧುವಿನ ಕಡೆಯವರು ಭಾಲ್ಕಿಯವರಾಗಿದ್ದರೆ ಅದು ಇಬ್ಬರಿಗೂ ನಡುದಾರಿ, ಒಳ್ಳೆಯ ಆಯ್ಕೆಯೂ ಹೌದು.

ಒಂದು ವಿಚಿತ್ರವನ್ನು ಹೇಳದೆ ಬಿಡಲಾಗದು. ನಿಜವಾದ ಅರಮನೆಯ ಊರಿನವರು ನಾವು. ಬೀದರ ಕೋಟೆಯೊಳಗೆ ಮುತ್ತಿನ ಚಿಪ್ಪು ಕೂರಿಸಿದ ರಂಗೀನ್ ಮಹಲ್ ಇದೆ, ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳ ಸಾಲಿದೆ. ಅಲ್ಲಿಂದ ಹೊರಟು ಪ್ಲಾಸ್ಟರು, ಫೈಬರಿನ ಅರಮನೆಯ ಮುಂದೆ ಅಕ್ಷತೆ ಹಾಕಿಸಿಕೊಂಡು ಬರುತ್ತೇವೆ. ಇದಕ್ಕೆ ಅಭಿರುಚಿಯನ್ನಷ್ಟೇ ದೂರಿದರೆ ಸಾಲದು. 1959ರ ಪ್ರಾಚೀನ ಸ್ಮಾರಕಗಳ ನಿಯಮಗಳ ಪ್ರಕಾರ ಸಂರಕ್ಷಿತ ಸ್ಮಾರಕದೊಳಗೆ ಕೇಂದ್ರ ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಆರತಕ್ಷತೆ, ಔತಣ ನಡೆಸುವಂತಿಲ್ಲ. ಅದು ಸರಿಯೇ, ಆರುನೂರು ವರ್ಷದ ಗೋಡೆಗೆ ಹಂದರದ ಮೊಳೆ ಬೀಳಬಾರದು. ಸುಳ್ಳು ಅರಮನೆಯ ನಿಜವಾದ ಗುಣ ಇದೊಂದೇ: ಅದನ್ನು ಬಾಡಿಗೆಗೆ ಕೊಡಬಹುದು, ಮೊಳೆ ಹೊಡೆಯಬಹುದು, ನಾಳೆ ಬಣ್ಣ ಬದಲಿಸಬಹುದು.

ಜಾಗ ಒಪ್ಪಿಗೆಯಾದ ಮೇಲೆ, ನೋಡುವಾಗ ಬಾಯಿಮಾತಿನಲ್ಲಿ ಸಿಕ್ಕ ಭರವಸೆಗಳನ್ನೆಲ್ಲ ಮುಂಗಡ ಕೊಡುವ ಮುನ್ನ ಕಾಗದಕ್ಕೆ ಇಳಿಸಬೇಕು. ಮಂಟಪದ ಜಾಗ ಯಾವುದು, ಯಾವ ಗಂಟೆಯಿಂದ ಯಾವ ಗಂಟೆಯವರೆಗೆ, ಅಂದು ಶೂಟಿಂಗ್ ಬಂದರೆ ಬದಲಿ ಏನು, ಮಳೆ ಬಂದರೆ ಎಲ್ಲಿ, ತಾರೀಖು ಮುಂದೆ ಹೋದರೆ ಎಷ್ಟು ಹಣ ವಾಪಸ್ಸು, ತೆರಿಗೆ ಒಳಗೋ ಹೊರಗೋ. ಜಾಗ ತೆಲಂಗಾಣದಲ್ಲಿದೆ, ತಕರಾರಾದರೆ ಅಲ್ಲಿಗೇ ಅಲೆಯಬೇಕಲ್ಲ ಎಂಬ ಅಂಜಿಕೆ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಗ್ರಾಹಕರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 50 ಲಕ್ಷ ರೂಪಾಯಿಯೊಳಗಿದ್ದರೆ ಮೈಲೂರಿನವರಾಗಲಿ ಔರಾದದವರಾಗಲಿ ಹೋಗಬೇಕಾದದ್ದು ಬೀದರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ.